ಬಡಿಸಿದವರ ಹುಟ್ಟುಹಬ್ಬ ಯಾವಾಗ?



ಗೂಡಲೂರು ಕಡೆಯ ಒಂದು ತೋಟದ ಲೈನಿನಲ್ಲಿ ಹುಟ್ಟಿ, ನರ್ಸ್ ತರಬೇತಿ ಪಡೆದು, ಈಗ ಅಮೆರಿಕದ ಫಿಲಡೆಲ್ಫಿಯಾ ನಗರದ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿರುವ ನಮ್ಮ ಸಹೋದರಿಯೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಅವರ ಜೊತೆ ಕೆಲಸ ಮಾಡುವ ಒಬ್ಬಾಕೆಗೆ ಐವತ್ತು ವರ್ಷ ತುಂಬಿತೆಂದು ಹನ್ನೆರಡು ಮಂದಿ ಸೇರಿ ಹಳೇ ಕಾಲದ ಒಂದು ಇಟಾಲಿಯನ್ ಹೋಟೆಲಿಗೆ ರಾತ್ರಿ ಊಟಕ್ಕೆ ಹೋಗಿದ್ದರಂತೆ. ಆ ಊಟದ ವಿಚಾರ ಓದಿದ ಮೇಲೆ ನಮ್ಮ ಮನಸ್ಸಿನಲ್ಲಿ ಎದ್ದ ಕೆಲವು ಮಾತುಗಳನ್ನು ಅವರ ಒಪ್ಪಿಗೆ ಪಡೆದೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೇಜಿನ ಮೇಲೆ ಕೆಂಪು ಬಿಳಿ ಚೌಕಳಿಯ ಬಟ್ಟೆ. ಹುಲ್ಲು ಹೆಣೆದ ಹಳೇ ದ್ರಾಕ್ಷಾರಸದ ಬಾಟಲಿಯ ಬಾಯಿಗೆ ಸಿಕ್ಕಿಸಿದ ಮೇಣದ ಬತ್ತಿ. ಗೋಡೆಯ ತುಂಬ ಮಾಸಿದ ಫೋಟೋಗಳು. ದೊಡ್ಡ ದೊಡ್ಡ ತಟ್ಟೆಗಳಲ್ಲಿ ಶಾವಿಗೆಗಿಂತ ದಪ್ಪನೆಯ ಸ್ಪಗೆಟ್ಟಿ, ಅದರ ಮೇಲೆ ಗಂಟೆಗಟ್ಟಲೆ ಕುದಿಸಿದ ಕೆಂಪು ಟೊಮೇಟೊ ಸಾರು, ಮುಷ್ಟಿ ಗಾತ್ರದ ಕೈಮಾ ಉಂಡೆಗಳು. ಆ ಊರಿನ ದಕ್ಷಿಣ ಭಾಗದ ಇಟಲಿಯವರು ಈ ಸಾರನ್ನು ‘ಗ್ರೇವಿ’ ಎಂದೇ ಕರೆಯುತ್ತಾರೆ. ಕೊನೆಗೆ ದೀಪ ಸಣ್ಣದು ಮಾಡಿ, ಸಿಹಿ ಗಿಣ್ಣು ತುಂಬಿದ ಒಂದು ಕರಿದ ತಿಂಡಿಗೆ ಬತ್ತಿ ಚುಚ್ಚಿಕೊಂಡು, ಎಪ್ಪತ್ತರ ಹತ್ತಿರದ ಒಬ್ಬ ಬಡಿಸುವಾತ ಹಾಡುತ್ತಾ ಬಂದನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಬಿಲ್ಲು ಬಂತು. ‘ಊಟ ತರುವುದು ತಡವಾಯಿತು, ಟಿಪ್ಸು ಕಡಿಮೆ ಮಾಡೋಣ’ ಎಂದರಂತೆ ಒಬ್ಬರು. ನಮ್ಮ ಸಹೋದರಿ ಬರೆಯುತ್ತಾರೆ: ‘ಅಣ್ಣನವರೇ, ಆಗ ನನಗೆ ತೂಕದ ಶೆಡ್ಡು ನೆನಪಾಯಿತು. ಅಮ್ಮ ಮಳೆಯಲ್ಲಿ ನೆನೆದು ಕಿತ್ತು ತಂದ ಸೊಪ್ಪಿನಲ್ಲಿ ನೀರಿನ ತೂಕವೆಂದು ಎರಡು ಕಿಲೋ ಕಳೆಯುತ್ತಿದ್ದರಲ್ಲ, ಹಾಗೆಯೇ ಇತ್ತು ಆ ಮಾತು.’ ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ತಮ್ಮ ಪಾಲಿಗಿಂತ ಹೆಚ್ಚು ಹಣ ತಟ್ಟೆಯಲ್ಲಿಟ್ಟು ಬಂದರು.

ನಮ್ಮ ಕಡೆ ಹೋಟೆಲಿನಲ್ಲಿ ಹತ್ತು ರೂಪಾಯಿ ಬಿಟ್ಟು ಬರುವುದು ಕೊಡುವವನ ಇಷ್ಟ. ಅಲ್ಲಿ ಹಾಗಲ್ಲ. ಟಿಪ್ಸು ಪಡೆಯುವ ಕೆಲಸಗಾರನಿಗೆ ಮಾಲೀಕನು ತನ್ನ ಕೈಯಿಂದ ಗಂಟೆಗೆ 2 ಡಾಲರ್ 13 ಸೆಂಟ್ ಕೊಟ್ಟರೆ ಸಾಕೆಂದು ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. 1991ರಲ್ಲಿ ಗೊತ್ತಾದ ಆ ಅಂಕಿ ಅಲ್ಲೇ ನಿಂತಿದೆ. ಉಳಿದ ಕೆಲಸಗಾರರಿಗೆ ಅದೇ ಕಾನೂನಿನ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7 ಡಾಲರ್ 25 ಸೆಂಟ್. ಟಿಪ್ಸು ಸೇರಿಯೂ ಅಷ್ಟಾಗದಿದ್ದರೆ ಕೊರತೆಯನ್ನು ಮಾಲೀಕನೇ ತುಂಬಬೇಕು. ಕೆಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಗೊತ್ತುಮಾಡಿವೆ ಎಂಬುದೂ ನಿಜ. ಆದರೆ ಕೂಲಿಯ ದೊಡ್ಡ ಪಾಲು ಉಂಡವರ ಮರ್ಜಿಯ ಮೇಲೆ ನಿಂತಿದೆ ಎಂಬುದನ್ನು ಮರೆಯುವಂತಿಲ್ಲ. ಹಾಗಿರುವಾಗ ಅದು ದಾನವಲ್ಲ, ದುಡಿದದ್ದರ ಬಾಕಿ.

ಇದರಲ್ಲಿ ನಮ್ಮನ್ನು ಹೆಚ್ಚು ನೋಯಿಸಿದ ಸಂಗತಿ ಬೇರೊಂದಿದೆ. ಇಂಥ ಹೋಟೆಲುಗಳನ್ನು ಕಟ್ಟಿದವರು ಧನವಂತರಲ್ಲ, ಕೂಲಿಗಾರರ ಜನ. 1880ರಿಂದ 1920ರವರೆಗೆ ಇಟಲಿಯಿಂದ 40 ಲಕ್ಷಕ್ಕೂ ಹೆಚ್ಚು ಮಂದಿ ಅಮೆರಿಕಕ್ಕೆ ಹಡಗು ಹತ್ತಿದರು. ಅವರಲ್ಲಿ ಬಹುಪಾಲು ಸಿಸಿಲಿ, ಕಲಾಬ್ರಿಯಾ, ನೇಪಲ್ಸ್ ಮುಂತಾದ ದಕ್ಷಿಣ ಭಾಗದ ಬಡ ಒಕ್ಕಲು ಮಕ್ಕಳು. ಅವರನ್ನು ಕೆಲಸಕ್ಕೆ ಹಚ್ಚಲು ‘ಪದ್ರೋನೆ’ ಎಂಬ ಮಧ್ಯವರ್ತಿಯಿದ್ದ. ಎಷ್ಟೋ ಸಲ ಹಡಗಿನ ಖರ್ಚಿಗೆ ಮುಂಗಡ ಕೊಡುವವನು ಅವನೇ, ರೈಲು ದಾರಿಯ ಕೆಲಸಕ್ಕೆ ಸೇರಿಸುವವನು ಅವನೇ, ತನ್ನ ಅಂಗಡಿಯಲ್ಲೇ ಸಾಮಾನು ಕೊಳ್ಳಿಸಿ ಕೂಲಿಯಲ್ಲಿ ಮುರಿದುಕೊಳ್ಳುವವನೂ ಅವನೇ. ಮುಂಗಡ ಕೊಟ್ಟು ಆಳು ಕರೆತಂದ ಮೇಸ್ತ್ರಿ, ಕಂಗಾಣಿಗಳ ಕಥೆಯನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಊರಲ್ಲಿದ್ದಾಗ ಆ ಜನ ಮಾಂಸ ತಿನ್ನುತ್ತಿದ್ದುದು ಹಬ್ಬಕ್ಕೊಮ್ಮೆ. ದಿನದ ಊಟ ಒರಟು ರೊಟ್ಟಿ, ಕಾಳು, ಸೊಪ್ಪು. ಅಮೆರಿಕದಲ್ಲಿ ಕೈಗೆ ನಾಲ್ಕು ಕಾಸು ಬಂದಾಗ, ಅಲ್ಲಿ ಮಾಂಸವೂ ಅಗ್ಗವಾಗಿದ್ದುದರಿಂದ, ಹಬ್ಬದ ಅಡಿಗೆಯನ್ನೇ ಭಾನುವಾರದ ಅಡಿಗೆ ಮಾಡಿಕೊಂಡರು. ಇಟಲಿಯಲ್ಲಿ ಚಿಕ್ಕದಾಗಿ, ಬೇರೆಯಾಗಿ ಬಡಿಸುತ್ತಿದ್ದ ಕೈಮಾ ಉಂಡೆ ಇಲ್ಲಿ ದೊಡ್ಡದಾಗಿ ಸ್ಪಗೆಟ್ಟಿಯ ಮೇಲೆ ಕೂತಿತು. ಊರು ಬಿಟ್ಟು ಬಂದ ಗಂಡಾಳುಗಳಿಗೆ ಊಟ ಹಾಕುತ್ತಿದ್ದ ಮನೆಗಳು ಎಷ್ಟೋ ಕಡೆ ಹೋಟೆಲುಗಳಾದವು. ಫಿಲಡೆಲ್ಫಿಯಾದ ರಾಲ್ಫ್ಸ್ ಹೋಟೆಲು ಆರಂಭವಾದದ್ದು 1900ರಲ್ಲಿ, ನ್ಯೂಯಾರ್ಕ್ 12ನೇ ಬೀದಿಯ ಜಾನ್ಸ್ 1908ರಲ್ಲಿ. ಆ ತುಂಬಿದ ತಟ್ಟೆ ಹಸಿದಿದ್ದವರು ತಮ್ಮವರಿಗಾಗಿ ತುಂಬಿದ ತಟ್ಟೆ.

ಅದೇ ಕಾಲದ ಇನ್ನೊಂದು ಊಟದ ಸಂಗತಿಯಿದೆ. 1912ರ ಜನವರಿಯಲ್ಲಿ ಲಾರೆನ್ಸ್ ಎಂಬ ಊರಿನ ಬಟ್ಟೆ ಗಿರಣಿಗಳಲ್ಲಿ ಕೂಲಿ ಕಡಿದಾಗ, ಇಟಲಿಯವರೂ ಸೇರಿ ಹಲವು ದೇಶಗಳಿಂದ ಬಂದ ಕೆಲಸಗಾರರು ಮುಷ್ಕರ ಹೂಡಿದರು. ಮನೆಗಳಲ್ಲಿ ಮಕ್ಕಳು ಹಸಿದರು. ಆಗ ನ್ಯೂಯಾರ್ಕಿನ ಕಾರ್ಮಿಕ ಕುಟುಂಬಗಳು ‘ಮಕ್ಕಳನ್ನು ನಮ್ಮಲ್ಲಿಗೆ ಕಳಿಸಿ, ನಾವು ಉಣಿಸುತ್ತೇವೆ’ ಎಂದವು. ನೂರಕ್ಕೂ ಹೆಚ್ಚು ಮಕ್ಕಳು ರೈಲಿನಲ್ಲಿ ಹೋದರು. ಫೆಬ್ರವರಿ 24ರಂದು ಇನ್ನೊಂದು ತಂಡ ಹೊರಟಾಗ ಪೊಲೀಸರು ಸ್ಟೇಷನ್ನಿನಲ್ಲೇ ತಾಯಂದಿರನ್ನು ಲಾಠಿಯಿಂದ ಹೊಡೆದರು. ಆ ಮಕ್ಕಳು ಹೊರಟಿದ್ದುದು ಇದೇ ಫಿಲಡೆಲ್ಫಿಯಾಕ್ಕೆ. ದೇಶವೇ ಸಿಟ್ಟಿಗೆದ್ದಿತು, ಮಾರ್ಚಿಯಲ್ಲಿ ಗಿರಣಿಗಳು ಕೂಲಿ ಏರಿಸಿದವು. ಗುರುತಿಲ್ಲದ ಕೂಲಿಗಾರನ ಮಗುವಿಗೆ ಎಲೆ ಹಾಕಿ ಕಾದ ಜನರಿದ್ದ ಊರಿನಲ್ಲಿ, ಬಡಿಸಿದ ಮುದುಕನ ಕೂಲಿ ಕಡಿಯುವ ಮಾತು ಬಂತಲ್ಲ ಎಂದು ನಮಗೆ ವ್ಯಥೆಯಾಯಿತು.

ಊಟದ ಕೊನೆಗೆ ಪುಟ್ಟ ಬಟ್ಟಲಲ್ಲಿ ಎಸ್ಪ್ರೆಸೊ ಕಾಫಿ ಬಂತಂತೆ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ ಬಹಳ ವರ್ಷಗಳಿಂದ ಮುಂದಿದೆ. ನೊರೆ ದಪ್ಪಗೆ ಬರಲೆಂದು ಎಸ್ಪ್ರೆಸೊ ಪುಡಿಗೆ ರೊಬಸ್ಟ ಬೆರೆಸುವ ವಾಡಿಕೆಯೂ ಇದೆ. ಆ ಬಟ್ಟಲಿನಲ್ಲಿ ವಯನಾಡಿನ ಕಾಳು ಇತ್ತೆಂದು ನಾವು ಹೇಳಲಾರೆವು, ಇರಲಿಲ್ಲವೆಂದೂ ಹೇಳಲಾರೆವು. ಹಣ್ಣು ಕೊಯ್ದ ಕೈಯೂ ಬಡಿಸುವ ಕೈಯಂತೆಯೇ, ಉಣ್ಣುವವರ ಕಣ್ಣಿಗೆ ಬೀಳುವುದಿಲ್ಲ.

ಈಗ ನಮ್ಮ ಲೈನುಗಳ ಕಡೆ ನೋಡೋಣ. ಹುಟ್ಟುಹಬ್ಬ ನಮ್ಮಲ್ಲೂ ಬಂದಿದೆ. ಇದು ಪರದೇಶದ ಡಂಭ, ಬೇಡವೇ ಬೇಡ ಎನ್ನುತ್ತಾರೆ ಕೆಲವು ಹಿರಿಯರು. ಮಗುವಿನ ಮೊದಲ ವರ್ಷಕ್ಕೆ ಬಡ್ಡಿಗೆ ಸಾಲ ತಂದು ಮೂರು ಅಂತಸ್ತಿನ ಕೇಕು ತರಿಸುತ್ತಾರೆ ಕೆಲವು ಕಿರಿಯರು. ನಾವು ಇಬ್ಬರನ್ನೂ ಒಪ್ಪುವುದಿಲ್ಲ. ದುಡಿಯುವವರು ಒಂದು ದಿನ ಹೊಟ್ಟೆ ತುಂಬ ಉಂಡು ನಕ್ಕರೆ ಅದರಲ್ಲಿ ಪಾಪವಿಲ್ಲ. ಆ ಇಟಲಿಯ ಕೂಲಿಗಾರರು ಮಾಡಿದ್ದೂ ಅದನ್ನೇ. ಆದರೆ ಅವರು ತಮ್ಮ ಮನೆಯ ಅಡಿಗೆಯನ್ನೇ ಹಿಗ್ಗಿಸಿದರು. ಸಾಲದ ಕೇಕಿಗಿಂತ ನಮ್ಮ ಒಲೆಯ ಪಾಯಸ ಕಡಿಮೆಯದಲ್ಲ. ಅಡಿಗೆ ಮಾಡಿದ ಹೆಂಗಸರು ಎಲ್ಲರ ಊಟ ಮುಗಿದ ಮೇಲೆ ಒಲೆಯ ಪಕ್ಕದಲ್ಲಿ ತಳದ ಅನ್ನ ಉಣ್ಣುವುದಾದರೆ, ಆ ಹಬ್ಬವೂ ನೀರಿನ ತೂಕ ಕಳೆದ ಬುಟ್ಟಿಯೇ ಸರಿ. ಔತಣಕ್ಕೆ ಯಾರನ್ನು ಕರೆಯಬೇಕೆಂಬುದನ್ನು ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ.

ಕಾಗದದ ಕೊನೆಯಲ್ಲಿ ಆ ಸಹೋದರಿ ಒಂದು ಕೋರಿಕೆ ಇಟ್ಟಿದ್ದಾರೆ. ತಾವು ಕಳಿಸಿದ ಹಣದಲ್ಲಿ ತಮ್ಮ ತಾಯಿಯ ಹುಟ್ಟುಹಬ್ಬದ ಊಟ ನಡೆಸಬೇಕಂತೆ. ನಾವು ಹೋಗಿ ಆ ತಾಯಿಯನ್ನು ಕೇಳಿದೆವು. ಅವರು ನಕ್ಕು, ‘ನನಗೆಲ್ಲಿಯ ಹುಟ್ಟುಹಬ್ಬ?’ ಎಂದರು. ತೋಟದ ಪುಸ್ತಕದಲ್ಲಿರುವುದು ವರ್ಷ ಮಾತ್ರ, ಅದೂ ರೈಟರ್ ಮುಖ ನೋಡಿ ಬರೆದದ್ದು. ಅವರ ಮಕ್ಕಳಿಗೆಲ್ಲ ಶಾಲೆಯ ಮೇಷ್ಟ್ರು ಜೂನ್ 1 ಎಂದು ಹಾಕಿದ್ದಾರೆ. ಹೀಗೆ ಅಂದಾಜಿಗೆ ಬರೆದ ವಯಸ್ಸಿನಿಂದ ಪಿಂಚಣಿಯ ಲೆಕ್ಕದಲ್ಲಿ ಪೆಟ್ಟು ತಿಂದವರು ನಮ್ಮಲ್ಲೇ ಇದ್ದಾರೆ. ಆದಕಾರಣ ಮಗು ಹುಟ್ಟಿದ ಕೂಡಲೇ ದಿನವನ್ನು ಬರೆಸಿ, ಜನನ ಪತ್ರ ತೆಗೆದಿಡಿ. ಕೇಕಿಗೆ ಮೊದಲು ಅದು.

ಸ್ವಲ್ಪ ಹೊತ್ತು ಸುಮ್ಮನಿದ್ದು ಆ ತಾಯಿ, ‘ಹೂಮಳೆ ಬಿದ್ದ ವಾರ ಹುಟ್ಟಿದೆ ಎಂದು ನಮ್ಮವ್ವ ಹೇಳುತ್ತಿದ್ದಳು’ ಎಂದರು. ನಮಗೆ ಅಷ್ಟು ಸಾಕು. ಮುಂದಿನ ಹೂಮಳೆ ಬಿದ್ದ ಮೇಲಿನ ಭಾನುವಾರ ಲೈನಿನಲ್ಲಿ ಊಟ. ಅಂದು ಗಂಡಸರು ಅಡಿಗೆ ಮಾಡಿ ಬಡಿಸುವರು. ದಿನ ಗೊತ್ತಿಲ್ಲದ ಎಲ್ಲ ತಾಯಂದಿರೂ ಆ ಸಾಲಿನಲ್ಲಿ ಮೊದಲು ಕೂರುವರು.