ರಜೆಯ ಬ್ಯಾಗಿಗೆ ಮತ್ತೊಂದು ಎಐ ಗೈಡ್ ಬೇಡ

ದೀಪಾವಳಿ ರಜೆ ಹತ್ತಿರ ಬಂದಂತೆ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ರಜೆಯಲ್ಲಿ ಓದಲು’ ಎಂಬ ಪಟ್ಟಿಗಳು ಓಡಾಡತೊಡಗುತ್ತವೆ. ಹೊಸ ಮಾಡೆಲ್ ಬಳಸುವುದು ಹೇಗೆ, ಪ್ರಾಂಪ್ಟ್ ಬರೆಯುವುದು ಹೇಗೆ, ಮೂರು ತಿಂಗಳಲ್ಲಿ ಎಐ ಎಂಜಿನಿಯರ್ ಆಗುವುದು ಹೇಗೆ, ಎಲ್ಲವೂ ‘ಹೇಗೆ’ಗಳೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಅಂಥ ಎರಡು ಪುಸ್ತಕ ಹೊತ್ತು ಊರಿಗೆ ಹೋಗಿದ್ದೆ. ಅರ್ಧ ಓದುವಷ್ಟರಲ್ಲಿ ಅದರಲ್ಲಿದ್ದ ಟೂಲ್‌ಗಳ ಹೊಸ ಆವೃತ್ತಿ ಬಂದಿತ್ತು.

ಈ ಕ್ಷೇತ್ರದಲ್ಲಿ ದುಡಿಯುವವರು ಮತ್ತು ಇಲ್ಲಿ ಕೆಲಸ ಹುಡುಕುತ್ತಿರುವವರು ರಜೆಯಲ್ಲಾದರೂ ‘ಹೇಗೆ’ ಬಿಟ್ಟು, ‘ಇದರಿಂದ ಯಾರಿಗೆ ಏನಾಗುತ್ತದೆ’ ಎಂದು ಕೇಳುವ ಪುಸ್ತಕ ಓದಬೇಕು ಎಂಬುದು ನನ್ನ ವಾದ. ಅದು ಹುಟ್ಟಿದ್ದು ನನ್ನದೇ ತಪ್ಪಿನಿಂದ.

ರೆಸ್ಯೂಮೆಗಳನ್ನು ಸೋಸುವ ಪ್ರೋಗ್ರಾಂ ಬರೆಯುವ ತಂಡದಲ್ಲಿ ನಾನಿದ್ದೆ. ಹಿಂದೆ ಆಯ್ಕೆಯಾದವರ ಮಾಹಿತಿ ಕೊಟ್ಟು, ಅಂಥವರನ್ನೇ ಹುಡುಕಲು ಅದಕ್ಕೆ ಕಲಿಸಿದ್ದೆವು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಓಡಿತು. ಕೆಲವು ತಿಂಗಳ ನಂತರ ನನ್ನ ಕಾಲೇಜಿನ ಜೂನಿಯರ್ ಒಬ್ಬಳು ಫೋನ್ ಮಾಡಿದಳು. ‘ಅಣ್ಣಾ, ಮೂರು ಸಲ ಅರ್ಜಿ ಹಾಕಿದೆ, ಟೆಸ್ಟ್‌ಗೂ ಕರೀಲಿಲ್ಲ.’ ಅನುಮಾನ ಬಂದು, ನನ್ನದೇ ಹಳೆಯ ರೆಸ್ಯೂಮೆಯನ್ನು ಆ ಪ್ರೋಗ್ರಾಂಗೆ ಹಾಕಿ ನೋಡಿದೆ. ತಾಲ್ಲೂಕು ಕೇಂದ್ರದ ಕಾಲೇಜು, ಪದವಿಯ ನಂತರ ಒಂದು ವರ್ಷ ಖಾಲಿ. ನನ್ನನ್ನೂ ಅದು ಪಕ್ಕಕ್ಕೆ ತಳ್ಳಿತು. ನಾನು ಒಳಗೆ ಬಂದದ್ದು ಪರಿಚಯದವರೊಬ್ಬರ ರೆಫರಲ್‌ನಿಂದ ಎಂಬುದು ಆಗ ನೆನಪಾಯಿತು.

ಆ ವರ್ಷದ ರಜೆಗೆ ಸಹೋದ್ಯೋಗಿಯೊಬ್ಬರು ಕೈಗಿಟ್ಟ ಪುಸ್ತಕ ಕ್ಯಾಥಿ ಓನೀಲ್ ಅವರ ‘ವೆಪನ್ಸ್ ಆಫ್ ಮ್ಯಾಥ್ ಡಿಸ್ಟ್ರಕ್ಷನ್’ (2016). ಲೇಖಕಿ ಗಣಿತದ ಪ್ರಾಧ್ಯಾಪಕಿಯಾಗಿದ್ದು, ಆಮೇಲೆ ಹೆಡ್ಜ್ ಫಂಡ್‌ನಲ್ಲಿ ದುಡಿದವರು. ಹಾಗಾಗಿ ಹೊರಗೆ ನಿಂತು ಬೈಯುವವರ ಮಾತಲ್ಲ ಇದು. ಅದರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯಕೀಯ ಕಾಲೇಜಿನ ಪ್ರಸಂಗ ಬರುತ್ತದೆ. 1970ರ ದಶಕದ ಕೊನೆಯಲ್ಲಿ ಅಲ್ಲಿ ಪ್ರವೇಶದ ಅರ್ಜಿಗಳನ್ನು ಸೋಸಲು ಕಂಪ್ಯೂಟರ್ ಪ್ರೋಗ್ರಾಂ ತಯಾರಾಯಿತು. ಆಯ್ಕೆ ಸಮಿತಿ ಹಿಂದೆ ಹೇಗೆ ಆರಿಸಿತ್ತೋ ಹಾಗೆಯೇ ಆರಿಸುವುದು ಅದರ ಕೆಲಸ. ಸಮಿತಿಯ ತೀರ್ಮಾನಕ್ಕೂ ಅದರ ತೀರ್ಮಾನಕ್ಕೂ ಶೇ 90ಕ್ಕಿಂತ ಹೆಚ್ಚು ಹೊಂದಾಣಿಕೆ ಇತ್ತು. ನಮ್ಮ ತಂಡವಾಗಿದ್ದರೆ ಕೇಕ್ ಕತ್ತರಿಸುತ್ತಿದ್ದೆವು! ಆದರೆ ಸಮಿತಿಯ ಹಳೆಯ ಪಕ್ಷಪಾತವೂ ಅಷ್ಟೇ ನಿಖರವಾಗಿ ಒಳಗೆ ಬಂದಿತ್ತು. ಯುರೋಪಿನದಲ್ಲದ ಹೆಸರಿದ್ದರೆ ಅಂಕ ಕಡಿತ, ಮಹಿಳೆಯಾದರೂ ಕಡಿತ. 1988ರಲ್ಲಿ ಬ್ರಿಟನ್ನಿನ ಜನಾಂಗೀಯ ಸಮಾನತಾ ಆಯೋಗ ಕಾಲೇಜನ್ನು ತಪ್ಪಿತಸ್ಥ ಎಂದಿತು. ನಾನು ಹುಟ್ಟುವ ಮೊದಲೇ ನಡೆದುಹೋದ ತಪ್ಪನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಮತ್ತೆ ಮಾಡಿದ್ದೆ. ಈ ಪ್ರಸಂಗ ಯಾವ ಕೋರ್ಸಿನಲ್ಲೂ ನನಗೆ ಸಿಕ್ಕಿರಲಿಲ್ಲ.

ರಜೆ ಮುಗಿಸಿ ಬಂದು ನನ್ನ ರೆಸ್ಯೂಮೆಯ ಗತಿಯನ್ನು ಮ್ಯಾನೇಜರ್‌ಗೆ ತೋರಿಸಿದೆ. ಅವರು ನಕ್ಕರು, ಆಮೇಲೆ ಗಂಭೀರವಾದರು. ಕಾಲೇಜಿನ ಹೆಸರು ಮತ್ತು ಖಾಲಿ ವರ್ಷದ ಕಾಲಂ ತೆಗೆಯಲು ಎರಡು ತಿಂಗಳ ಚರ್ಚೆ ಬೇಕಾಯಿತು. ಜೂನಿಯರ್‌ಗೆ ಮುಂದಿನ ಸುತ್ತಿನಲ್ಲಿ ಟೆಸ್ಟ್‌ಗೆ ಕರೆ ಬಂತು. ಕೆಲಸ ಸಿಗಲಿಲ್ಲ, ಕೋಡಿಂಗ್ ಸುತ್ತಿನಲ್ಲಿ ಹೊರಬಿದ್ದಳು. ಆದರೆ ಯಾಕೆ ಹೊರಬಿದ್ದೆ ಎಂಬುದು ಈ ಸಲ ಅವಳಿಗೆ ಗೊತ್ತಿತ್ತು.

ಎರಡನೆಯದು ಜೋಸೆಫ್ ವೈಜೆನ್‌ಬಾಮ್ ಅವರ ‘ಕಂಪ್ಯೂಟರ್ ಪವರ್ ಆ್ಯಂಡ್ ಹ್ಯೂಮನ್ ರೀಸನ್’ (1976). ಎಂಐಟಿಯಲ್ಲಿದ್ದ ಇವರು 1966ರಲ್ಲೇ ‘ಎಲೈಜಾ’ ಎಂಬ ಚಾಟ್‌ಬಾಟ್ ಬಗ್ಗೆ ಪ್ರಕಟಿಸಿದ್ದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವ ಸರಳ ಪ್ರೋಗ್ರಾಂ ಅದು. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರೊಂದಿಗೆ ಮಾತಾಡುವಾಗ ‘ನೀವು ಸ್ವಲ್ಪ ಹೊರಗೆ ಹೋಗಿ’ ಎಂದು ಕೇಳಿಕೊಂಡರಂತೆ. ರಾತ್ರಿ ಎರಡು ಗಂಟೆಗೆ ಚಾಟ್‌ಬಾಟ್ ಹತ್ತಿರ ಕಷ್ಟ ಹೇಳಿಕೊಳ್ಳುವ ನಮ್ಮ ಪಿ.ಜಿ. ಗೆಳೆಯರನ್ನು ನೆನೆದು ಓದಿ. ಕಂಪ್ಯೂಟರ್ ಒಳಗೇನು ನಡೆಯುತ್ತದೆ ಎಂಬ ಆರಂಭದ ಅಧ್ಯಾಯಗಳು ನಿಮಗೆ ಗೊತ್ತಿರುವುದೇ, ಹಾರಿಸಬಹುದು.

ಮೂರನೆಯದಾಗಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಎಐಗೂ ಹಾರುವ ಓತಿಗೂ ಏನು ಸಂಬಂಧ ಎಂದು ಗೆಳೆಯರು ಕೇಳುತ್ತಾರೆ. ವಿಜ್ಞಾನಿ ಕರ್ವಾಲೊಗೆ ಮಲೆನಾಡಿನ ಜೇನು ಕೀಳುವ ಮಂದಣ್ಣ ಬೇಕೇಬೇಕು. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಪೆದ್ದ. ವಿಜ್ಞಾನಿಗೆ ಮಾತ್ರ ಅವನು ಕಾಡನ್ನು ಕಣ್ಣಾರೆ ಕಂಡವನು. ಅವನು ಕೋರ್ಟ್ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಬಿಡಿಸಿಕೊಳ್ಳಲು ಕರ್ವಾಲೊ ಪಡುವ ಪಾಡು ನೋಡಬೇಕು. ನಮ್ಮ ಮಾಡೆಲ್‌ಗಳಿಗಾಗಿ ಸಾವಿರಾರು ಚಿತ್ರ, ಧ್ವನಿಗಳಿಗೆ ಕೂತು ಲೇಬಲ್ ಹಚ್ಚುವ ಹುಡುಗ ಹುಡುಗಿಯರ ಹೆಸರನ್ನು ನಾವು ಪ್ರೆಸೆಂಟೇಶನ್‌ನ ಕೊನೆಯ ಸ್ಲೈಡಿನಲ್ಲೂ ಹಾಕುವುದಿಲ್ಲ. ಪಿಯುಸಿಯಲ್ಲಿ ಓದಿದ್ದಾಗ ನನಗೆ ಓತಿಯಷ್ಟೇ ಕಂಡಿತ್ತು.

‘ಕರ್ವಾಲೊ’ ಯಾವ ಕನ್ನಡ ಪುಸ್ತಕದಂಗಡಿಯಲ್ಲೂ ಸಿಗುತ್ತದೆ, ಎರಡು ದಿನದಲ್ಲಿ ಮುಗಿಯುತ್ತದೆ. ಇಂಗ್ಲಿಷಿನ ಎರಡು ವಿದ್ಯಾರ್ಥಿಗಳ ಜೇಬಿಗೆ ಭಾರ. ಕಾಲೇಜು ಲೈಬ್ರರಿಯಲ್ಲಿ ಕೇಳಿ. ಇಲ್ಲವೆಂದರೆ ತರಿಸಿ ಎಂದು ಅರ್ಜಿ ಬರೆದುಕೊಡಿ, ಇಲ್ಲವೇ ನಾಲ್ಕು ಜನ ಸೇರಿ ಕೊಳ್ಳಿ.