ಹಲಾಲ್ ಮುದ್ರೆ ಒತ್ತುವವರನ್ನು ಪ್ರಶ್ನಿಸುವವರಾರು?

ಬಡ್ಡಿಯನ್ನು ಮುಟ್ಟಲೊಲ್ಲದ ನಮ್ಮ ಹಿರಿಯರು ತಮ್ಮ ಉಳಿತಾಯವನ್ನು ಚಿನ್ನದಲ್ಲೋ ನಿವೇಶನದಲ್ಲೋ ಇರಿಸುತ್ತಿದ್ದರು. ಇಂದು ಅವರ ಮಕ್ಕಳಿಗೆ ಮ್ಯೂಚುವಲ್ ಫಂಡ್, ಡಿಜಿಟಲ್ ಚಿನ್ನ, ಕ್ರಿಪ್ಟೋ ಎಲ್ಲವೂ ಮೊಬೈಲ್‌ನಲ್ಲೇ ಲಭ್ಯ. ಹಣ ತೊಡಗಿಸುವ ಮುನ್ನ ‘ಇದು ಹಲಾಲೇ?’ ಎಂದು ಕೇಳುವ ಯುವಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಸಂತೋಷದ ಸಂಗತಿ. ಆದರೆ ‘ಹೌದು’ ಎಂಬ ಉತ್ತರ ದೊರೆತೊಡನೆ ಅವರ ವಿಚಾರಣೆಯೂ ಮುಗಿದುಬಿಡುತ್ತದೆ. ಲಾಭದ ಮೂಲ ಯಾವುದು, ಲೆಕ್ಕ ಪರಿಶೋಧಿಸುವವರಾರು, ನಷ್ಟವಾದರೆ ದೂರು ಕೊಡುವುದೆಲ್ಲಿ ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಇದರ ಬೆಲೆಯನ್ನು ಸಮುದಾಯವು ಈಗಾಗಲೇ ತೆತ್ತಿದೆ. ಬೆಂಗಳೂರಿನ ಐಎಂಎ ಸಂಸ್ಥೆಯು ಹೂಡಿಕೆದಾರರನ್ನು ಪಾಲುದಾರರೆಂದು ಕರೆಯಿತು, ಬಡ್ಡಿಗೆ ಲಾಭಾಂಶವೆಂದು ಹೆಸರಿಟ್ಟಿತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದುಬೈಗೆ ಪಲಾಯನಗೈದಾಗ ಪೊಲೀಸರ ಮುಂದೆ ಸಾಲುಗಟ್ಟಿ ನಿಂತವರು ಸಾವಿರ ಸಾವಿರ. ಮಗಳ ಮದುವೆಗೆಂದು ಕೂಡಿಟ್ಟವರು, ನಿವೃತ್ತಿಯ ಹಣವಿಟ್ಟವರು, ವಿಧವೆಯರು ಅವರಲ್ಲಿದ್ದರು. ತಿಂಗಳು ತಿಂಗಳೂ ತಪ್ಪದೆ ಕೈಗೆ ಬರುವ ‘ಲಾಭ’ ಯಾವ ವ್ಯಾಪಾರದಲ್ಲಿ ಸಾಧ್ಯ? ಗಲ್ಲಿಯ ದಿನಸಿ ಅಂಗಡಿಯವನನ್ನು ಕೇಳಿದ್ದರೂ ಉತ್ತರ ಸಿಗುತ್ತಿತ್ತು.

ಸರಕಾರದ ಪಾಲೂ ಇಲ್ಲಿದೆ. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು ರಘುರಾಮ್ ರಾಜನ್ ಸಮಿತಿಯು 2008ರಲ್ಲೇ ಶಿಫಾರಸು ಮಾಡಿತ್ತು. ರಿಸರ್ವ್ ಬ್ಯಾಂಕ್ 2017ರಲ್ಲಿ ಆ ಪ್ರಸ್ತಾವವನ್ನು ಕೈಬಿಟ್ಟಿತು. ಕಾನೂನಿನ ಬಾಗಿಲು ಮುಚ್ಚಿದಲ್ಲಿ ವಂಚಕರಿಗೆ ಹಿತ್ತಿಲ ಬಾಗಿಲು ತೆರೆಯಿತು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಮದ್ಯ, ಬಡ್ಡಿ ವ್ಯವಹಾರ ಮತ್ತು ಅತಿಯಾದ ಸಾಲವಿರುವ ಕಂಪೆನಿಗಳನ್ನು ಹೊರಗಿಡುವ ಶರೀಅತ್ ಸೂಚ್ಯಂಕವನ್ನು ಮುಂಬೈ ಷೇರು ವಿನಿಮಯ ಕೇಂದ್ರವು 2010ರಲ್ಲೇ ಆರಂಭಿಸಿತು. ಸೆಬಿಯ ನಿಯಂತ್ರಣದಲ್ಲಿರುವ ಟಾಟಾ ಎಥಿಕಲ್ ಫಂಡ್‌ನಂಥವೂ ಇವೆ. ಇವು ನಿಶ್ಚಿತ ಆದಾಯದ ಭರವಸೆ ನೀಡುವುದಿಲ್ಲ. ಯುವಕರಿಗೆ ಇವು ರುಚಿಸದಿರಲು ಬಹುಶಃ ಅದೇ ಕಾರಣ. ಲಾಭನಷ್ಟಗಳೆರಡರಲ್ಲೂ ಪಾಲು ಹೊರುವುದೇ ಪಾಲುದಾರಿಕೆಯೆಂದು ನಮ್ಮ ಫಿಕ್ಹ್ ಗ್ರಂಥಗಳು ಹೇಳುತ್ತವೆಯಲ್ಲವೇ?

ಕ್ರಿಪ್ಟೋ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. 2018ರಲ್ಲಿ ಈಜಿಪ್ಟಿನ ಮಹಾ ಮುಫ್ತಿ ಬಿಟ್‌ಕಾಯಿನ್ ನಿಷಿದ್ಧವೆಂದರು. 2020ರಲ್ಲಿ ಮಲೇಷ್ಯಾದ ಷೇರು ನಿಯಂತ್ರಣ ಆಯೋಗದ ಶರೀಅತ್ ಮಂಡಳಿಯು ಡಿಜಿಟಲ್ ಆಸ್ತಿಗಳ ವ್ಯಾಪಾರಕ್ಕೆ ತಾತ್ವಿಕ ಸಮ್ಮತಿ ನೀಡಿತು. ನಮ್ಮ ಯುವಕರು ತಮಗೆ ಬೇಕಾದ ಫತ್ವಾವನ್ನು ಆರಿಸಿಕೊಂಡು ನಿಶ್ಚಿಂತರಾಗುತ್ತಾರೆ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಟಕ್ಕಂತೂ ಫತ್ವಾ ಹುಡುಕುವ ಅಗತ್ಯವೂ ಇರಲಾರದು: 2024ರಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ ಮೂರು ವರ್ಷಗಳಲ್ಲಿ ಅದರಲ್ಲಿ ತೊಡಗಿದ ವ್ಯಕ್ತಿಗಳ ಪೈಕಿ ಶೇಕಡಾ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ಜೂಜಿಗೂ ಇದಕ್ಕೂ ಎಷ್ಟು ಅಂತರ? ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲವೆಂದು ಅದೇ ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ.

ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತವು ಸಾಲದ ಕರಾರನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಕುರಿತಾಗಿದೆ. ಅದನ್ನು ಪಠಿಸುವ ಯುವಕನೇ ಕರಾರಿನ ಒಂದು ಸಾಲನ್ನೂ ಓದದೆ ಮೊಬೈಲ್ ಪರದೆಯಲ್ಲಿ ‘ಒಪ್ಪಿದೆ’ ಎಂದು ಒತ್ತುತ್ತಾನೆ. ವಾರಸು ಹಕ್ಕಿನ ಜಟಿಲ ಲೆಕ್ಕವನ್ನು ಬಿಡಿಸಬಲ್ಲ ನಮ್ಮ ಉಲಮಾಗಳು ಲೆಕ್ಕ ಪರಿಶೋಧಕರೊಡನೆ ಕುಳಿತು ಇಂಥ ಒಂದೊಂದು ಯೋಜನೆಯನ್ನೂ ಪರಿಶೀಲಿಸಲಿ. ಪ್ರತಿ ಊರಿನ ಜಮಾಅತ್ ಅದಕ್ಕೊಂದು ಸಮಿತಿ ರಚಿಸಲಿ. ಯಾರದೇ ಯೋಜನೆಗೆ ಮಿಂಬರಿನಿಂದ ಶಿಫಾರಸು ಮಾಡುವ ಮುನ್ನ ಅದರ ಸೆಬಿ ನೋಂದಣಿ ಸಂಖ್ಯೆಯನ್ನು ಕೇಳಲಿ.