ರೇಷನ್ ಕೊಟ್ಟರೆ ಬಿಟ್ಟಿ, ಕಿಟ್ ಕೊಟ್ಟರೆ ಪುಣ್ಯ?

ಅನ್ನಭಾಗ್ಯದ ಅಕ್ಕಿ ಜನರನ್ನು ಸೋಮಾರಿಗಳನ್ನಾಗಿ ಮಾಡಿದೆ ಎಂಬ ದೂರು 2013ರಲ್ಲಿ ಯೋಜನೆ ಶುರುವಾದಾಗಿನಿಂದ ನಿಂತಿಲ್ಲ. ತೋಟಕ್ಕೆ ಆಳು ಸಿಗದಿದ್ದರೆ ಅಕ್ಕಿಯದೇ ತಪ್ಪು, ಮನೆಗೆಲಸದವರು ಸಂಬಳ ಹೆಚ್ಚಿಸಿ ಎಂದರೂ ಅಕ್ಕಿಯದೇ ತಪ್ಪು. ಹೀಗೆ ಗೊಣಗುವವರಲ್ಲಿ ಅನೇಕರು ಮಗನ ಹುಟ್ಟುಹಬ್ಬಕ್ಕೋ ನಾಯಕರ ಜನ್ಮದಿನಕ್ಕೋ ಸಂಘದ ವಾರ್ಷಿಕೋತ್ಸವಕ್ಕೋ ಶಾಮಿಯಾನ ಹಾಕಿಸುತ್ತಾರೆ. ಐದು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ, ಒಂದು ಪ್ಯಾಕೆಟ್ ಎಣ್ಣೆ ತುಂಬಿದ ಚೀಲಗಳನ್ನು ವೇದಿಕೆಯ ಮೇಲೆ ಸಾಲಾಗಿ ಜೋಡಿಸುತ್ತಾರೆ. ಅಕ್ಕಿ ಅದೇ, ಉಣ್ಣುವವರೂ ಅವರೇ. ನ್ಯಾಯಬೆಲೆ ಅಂಗಡಿಯಿಂದ ಬಂದರೆ ಬಿಟ್ಟಿ, ನಮ್ಮ ಕೈಯಿಂದ ಹೋದರೆ ಪುಣ್ಯ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆದವರು ಯಾರಿಗೂ ಕೈ ಮುಗಿಯಬೇಕಿಲ್ಲ. ಕೆಲವರಿಗೆ ಆಗದಿರುವುದು ಇದೊಂದೇ.

ಜನ ಸೇರಿ ದವಸ ಕೂಡಿಸಿ ಹಂಚುವುದು ಬೇಡ ಎಂದು ನಾನು ಹೇಳುವುದಿಲ್ಲ. ಇಂದು ರಾತ್ರಿ ಒಲೆ ಹೊತ್ತದ ಮನೆಗೆ ತತ್ವ ಹೇಳಲು ಹೋಗುವುದು ಕ್ರೌರ್ಯ. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಅಪಾರ್ಟ್‌ಮೆಂಟು, ಕಂಪನಿ, ಕಾಲೇಜುಗಳಲ್ಲಿ ಫುಡ್ ಬ್ಯಾಂಕ್, ರೇಷನ್ ಕಿಟ್, ಅನ್ನದಾನ ಎಂಬ ಹೆಸರುಗಳಲ್ಲಿ ನಡೆಯುವ ಸಂಗ್ರಹಗಳಲ್ಲಿ ಬಹುಪಾಲು ಕೊಡುವವರ ಅನುಕೂಲಕ್ಕೆ ಹೊಂದಿಸಿದ ಕಾರ್ಯಕ್ರಮಗಳು. ದಿನ ಅವರದು, ಪಟ್ಟಿ ಅವರದು, ಚೀಲದ ಮೇಲಿನ ಮುಖವೂ ಅವರದೇ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ಏನು ಬೇಕೆಂದು ಉಣ್ಣುವವರು ಹೇಳಬೇಕು. ಕಿಟ್ ಕೊಟ್ಟವರು ಅದೇ ಕುಟುಂಬವನ್ನು ರೇಷನ್ ಕಾರ್ಡಿನವರೆಗೆ ಕರೆದೊಯ್ಯಬೇಕು. ಎರಡನೆಯದನ್ನು ಮಾಡದ ದಾನ ಹಸಿವನ್ನು ಮುಂದಿನ ವಾರಕ್ಕೆ ಮುಂದೂಡುತ್ತದೆ, ಅಷ್ಟೇ.

2020ರ ಲಾಕ್‌ಡೌನ್ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತ್ತು. ಸ್ಟ್ರ್ಯಾಂಡೆಡ್ ವರ್ಕರ್ಸ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಸ್ವಯಂಸೇವಕರ ಗುಂಪು ಆ ಏಪ್ರಿಲ್‌ನಲ್ಲಿ ದೇಶದ ನಾನಾ ಕಡೆ ಸಿಲುಕಿದ್ದ 11 ಸಾವಿರಕ್ಕೂ ಹೆಚ್ಚು ಕಾರ್ಮಿಕರ ಅಹವಾಲು ಕೇಳಿದಾಗ, ಅವರಲ್ಲಿ ಶೇ 96 ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ. ಬೆಂಗಳೂರಿನ ಕಟ್ಟಡದ ಶೆಡ್ಡುಗಳಲ್ಲಿದ್ದ ಬಿಹಾರ, ಜಾರ್ಖಂಡ್, ಒಡಿಶಾದವರಿಗೂ ನಮ್ಮದೇ ರಾಯಚೂರು, ಯಾದಗಿರಿಯವರಿಗೂ ಅನ್ನ ಮುಟ್ಟಿಸಿದವರಲ್ಲಿ ಸಾಮಾನ್ಯ ನಾಗರಿಕರು, ಗುರುದ್ವಾರ, ಮಸೀದಿ, ಮಠ, ಕಾರ್ಮಿಕ ಸಂಘಟನೆಗಳು ಇದ್ದವು. ಆ ಋಣವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ದಿನಗಳಲ್ಲಿ ಒಂದು ಪೊಟ್ಟಣವನ್ನು ಆರು ಕೈಗಳು ಹಿಡಿದು, ಪಡೆಯುವವಳ ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿ ತೆಗೆದ ಫೋಟೋಗಳೂ ಹರಿದಾಡಿದವು. ಆಹಾರ ಹಂಚುವಾಗ ಫೋಟೋ ತೆಗೆಯಬಾರದು ಎಂದು ರಾಜಸ್ಥಾನ ಸರ್ಕಾರ ನಿರ್ಬಂಧ ಹೇರಬೇಕಾಯಿತು. ಕರ್ನಾಟಕದಲ್ಲಿ ಅಂಥ ನಿಯಮ ಇಂದಿಗೂ ಬೇಕಾಗಿದೆ.

ಕಿಟ್‌ಗಳು ಮುಗಿದವು, ಜನ ಗಂಟುಮೂಟೆ ಕಟ್ಟಿ ಊರಿನತ್ತ ನಡೆದರು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಶ್ರಮಿಕ ರೈಲುಗಳನ್ನು ನಿಲ್ಲಿಸಲು ಹೊರಟು, ಟೀಕೆ ಬಂದ ಮೇಲೆ ಹಿಂದೆ ಸರಿಯಿತು. ಇಂದು ಯಾರೋ ತಂದುಕೊಟ್ಟ ಅಕ್ಕಿ ನಾಳೆಯೂ ಬರುತ್ತದೆಂಬ ಭರವಸೆ ಇಲ್ಲದ ಊರಿನಲ್ಲಿ ಯಾರು ಉಳಿಯುತ್ತಾರೆ? ದಾನಿಗಳ ಉತ್ಸಾಹ ತಣಿದ ಮೇಲೆ ಉಳಿದದ್ದು ಕೋರ್ಟಿನ ಆದೇಶ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯನ್ನು ಜುಲೈ 31ರೊಳಗೆ ಜಾರಿಗೆ ತರುವಂತೆ 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಬಿಹಾರದ ಕಾರ್ಡ್ ಹಿಡಿದ ಗಾರೆ ಕೆಲಸದವನು ಇವತ್ತು ವೈಟ್‌ಫೀಲ್ಡಿನ ನ್ಯಾಯಬೆಲೆ ಅಂಗಡಿಯಲ್ಲಿ ಕೇಂದ್ರದ ಪಾಲಿನ ಧಾನ್ಯ ಕೇಳಬಹುದು. ಈ ಹಕ್ಕು ಎಷ್ಟು ಜನ ಕೂಲಿಗಳಿಗೆ ಗೊತ್ತಿದೆ? ಅವರಿಗೆ ಕಿಟ್ ಹಂಚುವ ಎಷ್ಟು ಸಂಘಗಳಿಗೆ ಗೊತ್ತಿದೆ?

ಇನ್ನು ಸಂಗ್ರಹದ ಡಬ್ಬಕ್ಕೆ ಬೀಳುವ ವಸ್ತುಗಳನ್ನು ನೋಡಿ. ಅವಧಿ ಮುಗಿಯಲು ವಾರ ಉಳಿದ ನೂಡಲ್ಸ್, ಮನೆಯಲ್ಲಿ ಯಾರೂ ತಿನ್ನದ ಓಟ್ಸ್, ನುಸಿ ಹಿಡಿದ ರವೆ. ಅಟ್ಟ ಖಾಲಿ ಮಾಡುವ ಕೆಲಸಕ್ಕೆ ದಾನ ಎಂಬ ಹೆಸರು. ಜೋಳದ ರೊಟ್ಟಿ ತಿಂದು ಬೆಳೆದವರಿಗೂ ಅದೇ ಚೀಲ, ಕುಸುಬಲಕ್ಕಿ ಉಣ್ಣುವವರಿಗೂ ಅದೇ ಚೀಲ. ಗ್ಯಾಸ್ ಇಲ್ಲದ ಶೆಡ್ಡಿಗೆ ಹತ್ತು ಕಿಲೋ ಅಕ್ಕಿ ಹೋಗುತ್ತದೆ, ಬೇಯಿಸುವುದು ಯಾವುದರಲ್ಲಿ ಎಂದು ಯಾರೂ ಕೇಳುವುದಿಲ್ಲ. ಕಲ್ಯಾಣ ಮಂಟಪಗಳ ಉಳಿಕೆಯದೂ ಇದೇ ಕತೆ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತದೆ ಎಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2012ರಲ್ಲಿ ಅಂದಾಜಿಸಿತ್ತು. ಉಳಿದದ್ದನ್ನು ಹಂಚುವವರಿಗೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ಮಾಡಿ, 2020ರ ಜುಲೈ 1ರಿಂದ ಜಾರಿಗೆ ತಂದಿದೆ. ಮಧ್ಯಾಹ್ನದ ಸಾಂಬಾರನ್ನು ರಾತ್ರಿ ಹತ್ತಕ್ಕೆ ಕೊಳೆಗೇರಿಯ ಮೂಲೆಯಲ್ಲಿ ಇಳಿಸಿ ಹೋಗುವವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದಾರೆ? ನಮ್ಮ ಮಕ್ಕಳಿಗೆ ಬಡಿಸಲು ಹಿಂಜರಿಯುವುದನ್ನು ಇನ್ನೊಬ್ಬರ ಮಕ್ಕಳಿಗೆ ಕೊಡುವುದು ದಾನವಲ್ಲ. ಮದುವೆಯಲ್ಲಿ ಆಹಾರ ಉಳಿಯದಿರಬೇಕಾದರೆ ಇಪ್ಪತ್ತೆಂಟು ಬಗೆ ಮಾಡಿಸುವ ಚಟ ಬಿಡಬೇಕು. ಬಡವರ ಹೊಟ್ಟೆಯನ್ನು ಅದಕ್ಕೆ ಪರಿಹಾರ ಮಾಡಿಕೊಳ್ಳಬಾರದು.

ತಟ್ಟೆಯಲ್ಲಿ ಏನಿರಬೇಕು ಎಂಬುದನ್ನು ಕೊಡುವವರು ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೊಟ್ಟೆಯ ಜಗಳವೇ ಸಾಕ್ಷಿ. ಶಾಲೆಗಳಲ್ಲಿ ಬಿಸಿ ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅದರಿಂದ ಬಿಸಿಯೂಟ ಮಕ್ಕಳ ಹಕ್ಕಾಯಿತು. ಅದನ್ನು ಸಾವಿರಾರು ಶಾಲೆಗಳಿಗೆ ಒದಗಿಸುವ ಅಕ್ಷಯ ಪಾತ್ರ ಪ್ರತಿಷ್ಠಾನ ತನ್ನ ನಂಬಿಕೆಯ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆಗಳನ್ನು ಹೊರಗಿಟ್ಟಿತು. ಆಹಾರದ ಹಕ್ಕಿನ ಕಾರ್ಯಕರ್ತರು ಇದನ್ನು ಪ್ರಶ್ನಿಸಿದಾಗ, ಊಟದಲ್ಲಿ ಪೌಷ್ಟಿಕಾಂಶಕ್ಕೆ ಕೊರತೆಯಿಲ್ಲ ಎಂಬ ಸಮರ್ಥನೆ ಬಂತು. ಸಂಸ್ಥೆಯ ಅಡುಗೆಮನೆಯ ಶುಚಿ, ಶಿಸ್ತು ನಿಜಕ್ಕೂ ಮೆಚ್ಚುವಂಥದ್ದು. ಆದರೆ ಮಗುವಿನ ತಟ್ಟೆಗೂ ಒದಗಿಸುವವರ ವ್ರತಕ್ಕೂ ಏನು ಸಂಬಂಧ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಕಲಬುರಗಿ ಮೊದಲಾದ ಜಿಲ್ಲೆಗಳ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೇ ಬೇಕು ಎಂದು ಗಂಗಾವತಿಯ ಶಾಲಾ ಹುಡುಗಿ ಕ್ಯಾಮೆರಾ ಎದುರು ಹೇಳಿದ್ದನ್ನು ಇಡೀ ರಾಜ್ಯ ಕೇಳಿತು. ಉಣ್ಣುವವರು ಬಾಯಿ ಬಿಟ್ಟು ಮಾತಾಡಿದ ಅಪರೂಪದ ಗಳಿಗೆ ಅದು.

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ಆರು ದಿನಕ್ಕೇರಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಹಣ ಖಾಸಗಿಯವರದು, ಯೋಜನೆ ಸರ್ಕಾರದ್ದು, ಆಯ್ಕೆ ಮಗುವಿನದು. ದಾನ ಹೋಗಬೇಕಾದ ದಾರಿ ಇದೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಮೂರು ವರ್ಷದ ನಂತರ ಉಳಿದ ನಾಲ್ಕು ದಿನದ ಮೊಟ್ಟೆಗೆ ಹೊಣೆ ಯಾರು? ಉತ್ತರ ರಾಜ್ಯದ ಬಜೆಟ್ಟಿನಲ್ಲಿರಬೇಕು, ಇನ್ನೊಬ್ಬ ದಾನಿಯ ಹುಡುಕಾಟದಲ್ಲಿ ಅಲ್ಲ.

ದಾನವನ್ನೇ ನೆಚ್ಚಿದರೆ ಎಲ್ಲಿಗೆ ಮುಟ್ಟುತ್ತೇವೆ ಎಂದು ತಿಳಿಯಲು ಬ್ರಿಟನ್ ನೋಡಬೇಕು. ಸಾಲಿಸ್‌ಬರಿಯಲ್ಲಿ 2000ನೇ ಇಸವಿಯಲ್ಲಿ ಟ್ರಸೆಲ್ ಟ್ರಸ್ಟ್‌ನ ಮೊದಲ ಫುಡ್ ಬ್ಯಾಂಕ್ ಶುರುವಾದದ್ದು ಮೂರು ದಿನದ ತುರ್ತು ದಿನಸಿ ಕೊಡಲೆಂದು. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಡಬ್ಬ, ಚರ್ಚಿನ ಹಾಲಿನಲ್ಲಿ ವಿಂಗಡಣೆ, ವೈದ್ಯರೋ ಸಮಾಜ ಕಾರ್ಯಕರ್ತರೋ ಬರೆದುಕೊಟ್ಟ ಚೀಟಿ ತಂದವರಿಗೆ ಪೊಟ್ಟಣ. ವ್ಯವಸ್ಥೆ ಅಚ್ಚುಕಟ್ಟು. ಸರ್ಕಾರ ಬಡವರ ಭತ್ಯೆಗೆ ಕತ್ತರಿ ಹಾಕುತ್ತ ಬಂತು, ಪೊಟ್ಟಣಗಳು ಏರುತ್ತ ಹೋದವು. 2023–24ರಲ್ಲಿ ಆ ಒಂದು ಜಾಲ ಹಂಚಿದ್ದು 31 ಲಕ್ಷಕ್ಕೂ ಹೆಚ್ಚು. ಫುಡ್ ಬ್ಯಾಂಕುಗಳೇ ಬೇಕಾಗದ ಕಾಲ ಬರಲಿ ಎಂದು ಆ ಟ್ರಸ್ಟೇ ಈಗ ಸರ್ಕಾರದ ಮುಂದೆ ಒತ್ತಾಯಿಸುತ್ತಿದೆ. ಅವರು ಬೇಡ ಎನ್ನುತ್ತಿರುವುದನ್ನು ನಾವು ಹೊಸ ಫ್ಯಾಷನ್ ಎಂದು ತರಿಸಿಕೊಳ್ಳುತ್ತಿದ್ದೇವೆ. 2013ರ ಆಹಾರ ಭದ್ರತಾ ಕಾಯ್ದೆಯಂಥ ಕಾನೂನು ಕೈಯಲ್ಲಿದ್ದೂ ಹೀಗೆ ಮಾಡುವುದು ದಡ್ಡತನ.

ಸಂಘಟನೆಯ ಪಾಠವನ್ನು ಹೊರಗಿನಿಂದ ತರಬೇಕಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ದಿನಗಟ್ಟಲೆ ರೊಟ್ಟಿ ಬಡಿಯುತ್ತಾರೆ. ಲಕ್ಷಗಟ್ಟಲೆ ರೊಟ್ಟಿ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಮಠಕ್ಕೆ ಬರುತ್ತದೆ. ತಟ್ಟೆಗೆ ಬಿದ್ದ ರೊಟ್ಟಿ ಯಾವ ಊರಿನದು, ಯಾರ ಮನೆಯದು ಎಂದು ಯಾರೂ ಕೇಳುವುದಿಲ್ಲ. ರೊಟ್ಟಿ ತಂದವರೂ ಬರಿಗೈಲಿ ಬಂದವರೂ ಒಂದೇ ಕಡೆ ಉಣ್ಣುತ್ತಾರೆ. ನಮ್ಮ ಎಲ್ಲ ಪಂಕ್ತಿಗಳೂ ಇಷ್ಟು ಹಸನಾಗಿಲ್ಲ. ಪಂಕ್ತಿಭೇದದ ಕಳಂಕ ಈ ನಾಡಿಗೆ ಅಂಟಿದೆ. ಅದಕ್ಕೇ ಕೊಪ್ಪಳದ ಕ್ರಮವನ್ನು ಗಮನಿಸಬೇಕು: ಸಾವಿರಾರು ಮನೆಗಳ ದಾನವನ್ನು ಹೆಸರಿಲ್ಲದೆ ಒಂದುಗೂಡಿಸಲು ನಮಗೆ ಬರುತ್ತದೆ.

ಹಾಗಾದರೆ ಬಡಾವಣೆಯ ಸಂಘವೊಂದು ಏನು ಮಾಡಬೇಕು? ಮೊದಲು ಪಟ್ಟಿ. ಅದನ್ನು ಬರೆಯಬೇಕಾದವರು ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಪೌರಕಾರ್ಮಿಕರ ಹಾಗೂ ಮನೆಗೆಲಸದವರ ಸಂಘಟನೆಗಳು. ಯಾರ ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದಾನೆ, ಯಾರಿಗೆ ಕಾರ್ಡಿಲ್ಲ ಎಂಬುದು ಅವರಿಗೆ ಗೊತ್ತು. ಅಟ್ಟದ ಸಾಮಾನು ಬೇಡ, ದುಡ್ಡು ಸೇರಿಸಿ ಸಗಟು ಅಂಗಡಿಯಿಂದ ಕೊಳ್ಳಿ. ಅಕ್ಕಿ ಹೇಗೂ ಪಡಿತರದಲ್ಲಿ ಸಿಗುವವರಿಗೆ ತೊಗರಿಬೇಳೆ, ಎಣ್ಣೆ, ಈರುಳ್ಳಿ, ಮೊಟ್ಟೆ, ಸೋಪು, ಸ್ಯಾನಿಟರಿ ಪ್ಯಾಡ್, ಐದು ಕಿಲೋ ಸಿಲಿಂಡರಿನ ಗ್ಯಾಸ್ ಕೊಡಿ. ಇನ್ನೂ ಒಳ್ಳೆಯದು, ಹತ್ತಿರದ ಕಿರಾಣಿ ಅಂಗಡಿಯಲ್ಲಿ ಬೇಕಾದ್ದನ್ನು ತಾವೇ ಆರಿಸಿಕೊಳ್ಳಲು ಚೀಟಿ ಕೊಡಿ. ಹಬ್ಬದ ವಾರದಲ್ಲಿ ಎಲ್ಲರೂ ಕೊಡುತ್ತಾರೆ. ಕಟ್ಟಡದ ಕೆಲಸ ನಿಲ್ಲುವ ಮಳೆಗಾಲಕ್ಕೆ, ಬಿಸಿಯೂಟ ನಿಲ್ಲುವ ಬೇಸಿಗೆ ರಜೆಗೆ ಕೊಡುವವರಾಗಿ. ಮುಖ ಮುದ್ರಿಸಿದ ಚೀಲ, ವೇದಿಕೆ, ಸರದಿ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಡಿಲ್ಲದವರನ್ನು ಕರ್ನಾಟಕ ಒನ್, ಗ್ರಾಮ ಒನ್ ಕೇಂದ್ರಕ್ಕೆ ಕರೆದೊಯ್ಯಲು, ಹೆಬ್ಬೆರಳಿನ ಗೆರೆ ಸವೆದು ಬಯೊಮೆಟ್ರಿಕ್ ಕೈಕೊಟ್ಟವರ ಪರ ಆಹಾರ ಇಲಾಖೆಯಲ್ಲಿ ಕೂರಲು, 1967ಕ್ಕೆ ಕರೆ ಮಾಡಿ ದೂರು ದಾಖಲಿಸಲು ಇಬ್ಬರನ್ನು ನೇಮಿಸಿ. ಇದರಲ್ಲಿ ಶಾಲು, ಹಾರ ಸಿಗುವುದಿಲ್ಲ. ಒಂದು ಕಾರ್ಡ್ ಮಾಡಿಸಿಕೊಟ್ಟರೆ ಆ ಮನೆಗೆ ತಿಂಗಳು ತಿಂಗಳು ಧಾನ್ಯ ಬರುತ್ತದೆ. ಯಾವ ಕಿಟ್ಟೂ ಅದಕ್ಕೆ ಸಮವಲ್ಲ.

ಫೋಟೋ ಇಲ್ಲದಿದ್ದರೆ ದಾನಿಗಳು ನಂಬುವುದಿಲ್ಲ ಎನ್ನುತ್ತಾರೆ. ನಂಬಿಕೆಗೆ ಬಿಲ್ಲು, ದಾಸ್ತಾನು ಪುಸ್ತಕ, ತಿಂಗಳ ಜಮಾ-ಖರ್ಚನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ರೂಢಿ ಸಾಕು. ಹಸಿದವಳ ಮುಖ ರಸೀದಿಯಲ್ಲ. ಕಾರ್ಡ್ ಕೊಡಿಸುವುದು ಸರ್ಕಾರದ ಕೆಲಸ, ನಮಗೇಕೆ ಎನ್ನುವವರೂ ಇದ್ದಾರೆ. ಸರ್ಕಾರದ ಕೆಲಸ ಹೌದು. ಆದರೆ ಕಚೇರಿಯಲ್ಲಿ ಬಡವರ ಅರ್ಜಿಗಿಂತ ಅವರ ಜೊತೆ ಬಂದ ನಿವೃತ್ತ ಅಧಿಕಾರಿಯ ಮಾತು ಬೇಗ ಕೇಳಿಸುತ್ತದೆ. ಆ ಪ್ರಭಾವವೇ ಮಧ್ಯಮ ವರ್ಗ ಕೊಡಬಹುದಾದ ದೊಡ್ಡ ದಾನ.

ಸರ್ಕಾರವೂ ತಪ್ಪಿಸಿಕೊಳ್ಳುವಂತಿಲ್ಲ. 2024ರ ನವೆಂಬರ್‌ನಲ್ಲಿ ಅನರ್ಹರನ್ನು ತೆಗೆಯುವ ಹೆಸರಿನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ಶುರುವಾಗಿ, ಬಡವರ ಕಾರ್ಡುಗಳೂ ಹೋದವೆಂಬ ಗದ್ದಲವೆದ್ದಿತು. ಕೊನೆಗೆ ಸರ್ಕಾರಿ ನೌಕರರು ಹಾಗೂ ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಕೇಂದ್ರವಂತೂ ಇಂದಿಗೂ 2011ರ ಜನಗಣತಿಯ ಲೆಕ್ಕದಲ್ಲೇ ಫಲಾನುಭವಿಗಳ ಮಿತಿ ಹಾಕಿ ಕುಳಿತಿದೆ. ಆ ಹಳೆಯ ಲೆಕ್ಕದಿಂದ 10 ಕೋಟಿಗೂ ಹೆಚ್ಚು ಜನ ಪಡಿತರದ ಹೊರಗುಳಿದಿದ್ದಾರೆ ಎಂದು ಅರ್ಥಶಾಸ್ತ್ರಜ್ಞರಾದ ಜ್ಯಾಂ ಡ್ರೇಜ್, ರೀತಿಕಾ ಖೇರಾ 2020ರಲ್ಲೇ ಅಂದಾಜು ಮಾಡಿದ್ದರು. ಆ ಮೇಲೆ ಹುಟ್ಟಿದ ಹೊಟ್ಟೆಗಳು ಯಾವ ಲೆಕ್ಕದಲ್ಲೂ ಇಲ್ಲ. 2017ರಲ್ಲಿ ತೆರೆದ ಇಂದಿರಾ ಕ್ಯಾಂಟೀನುಗಳಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ದುಡ್ಡು ಕೊಟ್ಟು ತಲೆಯೆತ್ತಿ ಉಣ್ಣುವ ಈ ವ್ಯವಸ್ಥೆಯನ್ನು ಸೊರಗಲು ಬಿಡುವ ಸರ್ಕಾರಕ್ಕೆ ದಾನಿಗಳ ಹಾರ ತುರಾಯಿ ಸಮಾರಂಭದಲ್ಲಿ ಭಾಷಣ ಮಾಡುವ ಅರ್ಹತೆ ಇಲ್ಲ.

ಮುಂದಿನ ಬಾರಿ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಕಿಟ್ ಸಂಗ್ರಹದ ಸಂದೇಶ ಬಂದರೆ ಖಂಡಿತ ಹಣ ಕೊಡಿ. ಕೊಡುವಾಗ ಎರಡು ಪ್ರಶ್ನೆ ಕೇಳಿ: ಈ ಪಟ್ಟಿ ಬರೆದವರು ಯಾರು? ಇದರಲ್ಲಿರುವ ಎಷ್ಟು ಮಂದಿಗೆ ರೇಷನ್ ಕಾರ್ಡ್ ಇಲ್ಲ, ಅವರಿಗೆ ಅದನ್ನು ಕೊಡಿಸಲು ನಾವೇನು ಮಾಡುತ್ತಿದ್ದೇವೆ? ಗುಂಪಿನಲ್ಲಿ ಯಾರೂ ಉತ್ತರಿಸದಿದ್ದರೆ ಆ ಕೆಲಸವನ್ನು ನೀವೇ ವಹಿಸಿಕೊಳ್ಳಿ.